ಟೈಲರ್ ಸೊಂಟಕ್ಕೆ 12 ಸೂರ್ಯನಮಸ್ಕಾರ

ಉಡುಪಿಯಲ್ಲಿ ನನ್ನದೊಂದು ಸಣ್ಣ ಟೈಲರ್ ಅಂಗಡಿ. 30 ವರ್ಷ ಮಿಷಿನ್ ಮೇಲೆ ಬಗ್ಗಿ ಕೂತವನ ಸೊಂಟ ಹೇಗಿರುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. "ಈ ಪ್ರಾಯದಲ್ಲಿ ಸೂರ್ಯನಮಸ್ಕಾರ ಎಂತಕ್ಕೆ ಮಾರಾಯ್ರೆ, ಸುಮ್ನೆ ವಾಕಿಂಗ್ ಹೋಗಿ" ಅಂದವರೇ ಜಾಸ್ತಿ. ಅವರಲ್ಲಿ ಇಬ್ಬರು ಈಗ ನನ್ನ ಜಗಲಿಯಲ್ಲೇ ಚಾಪೆ ಹಾಸುತ್ತಾರೆ!

ಮೊದಲು ಕೆಟ್ಟದ್ದು ಅವಸರದಿಂದ. ಒಂದು ಕ್ಲಾಸಿಗೆ ಮೂರು ತಿಂಗಳಿಗೆ ಸುಮಾರು 4,500 ರೂಪಾಯಿ ಕಟ್ಟಿದೆ. ಅರ್ಧ ಗಂಟೆಯಲ್ಲಿ 40 ಹೊಡೆಸುತ್ತಿದ್ದರು. ಮೂರನೇ ವಾರ ಪಾದಹಸ್ತಾಸನದಲ್ಲಿ (ನಿಂತು ಮುಂದಕ್ಕೆ ಬಗ್ಗುವ ಭಂಗಿ) ಸೊಂಟ ಹಿಡಿದುಕೊಂಡಿತು. ಚೌತಿಯ ಸೀಸನ್, ಹತ್ತು ದಿನ ಅಂಗಡಿಗೆ ಬೀಗ. ಏನಿಲ್ಲವೆಂದರೂ 15 ಸಾವಿರ ಹೋಯಿತು.

ಆಮೇಲೆ ನನ್ನದೇ ದಾರಿ. ಪಾದಹಸ್ತಾಸನದಲ್ಲಿ ಮೊಣಕಾಲು ಧಾರಾಳವಾಗಿ ಮಡಚಿದೆ. ಹೊಟ್ಟೆ ತೊಡೆಗೆ ತಾಗಿದರೆ ಸಾಕು, ಕೈ ನೆಲ ಮುಟ್ಟದಿದ್ದರೆ ಬೇಡ. ಕಾಲನ್ನು ಹಿಂದಕ್ಕೆ ಹಾರಿಸುವುದಿಲ್ಲ, ಒಂದೊಂದಾಗಿ ಇಡುವುದು. ಕವುಚಿ ಮಲಗಿ ಎದೆ ಎತ್ತುವ ಭುಜಂಗಾಸನದಲ್ಲಿ ಮೊಣಕೈ ಸ್ವಲ್ಪ ಬಗ್ಗಿಯೇ ಇರಲಿ. ಉಸಿರು ಪೂರ್ತಿಯಾಗದೆ ಮುಂದಿನ ಭಂಗಿ ಇಲ್ಲ. ಮೊದಲ ತಿಂಗಳು ದಿನಕ್ಕೆ ಮೂರೇ ಸುತ್ತು. 12ಕ್ಕೆ ಬರಲು ನಾಲ್ಕೈದು ತಿಂಗಳು ಹಿಡಿಯಿತು. (ಬಲಗಾಲು, ಎಡಗಾಲು ಸೇರಿ ಒಂದು. ಬೇರೆ ಬೇರೆ ಎಣಿಸಿ 24 ಅಂತ ಜಂಬ ಕೊಚ್ಚುವವರಿದ್ದಾರೆ!)

ಮಲ್ಪೆ ಬೀಚಿನ ಹೊಯಿಗೆಯಲ್ಲೂ (ಮರಳಿನಲ್ಲೂ) ಮಾಡಿ ನೋಡಿದೆ. ನಮ್ಮಲ್ಲಿ ಸೂರ್ಯ ಹುಟ್ಟುವುದು ಘಟ್ಟದ ಕಡೆ, ಸಮುದ್ರಕ್ಕೆ ಬೆನ್ನು ಹಾಕಿಯೇ ನಿಲ್ಲಬೇಕು, ಅಲ್ವಾ? ಅದಿರಲಿ, ಅಂಗೈ ಹುಗಿದು ಮಣಿಕಟ್ಟು ನೋಯುತ್ತದೆ. ರಥಸಪ್ತಮಿಗೆ 108 ಅಂತ ಹೊರಟು 60ರ ಹತ್ತಿರ ಕೂತುಬಿಟ್ಟೆ. ಎರಡು ದಿನ ಪೆಡಲ್ ತುಳಿಯಲಾಗಲಿಲ್ಲ.

ಈಗ ಒಂದೂವರೆ ವರ್ಷ ಆಯಿತು. ತೂಕ 79 ಇದ್ದದ್ದು 75. ತಿಂಗಳಿಗೆ 250 ರೂಪಾಯಿಯ ಮುಲಾಮು ನಿಂತಿದೆ. ಬಾಬಿನ್ ಮಿಷಿನ್ ಅಡಿಗೆ ಉರುಳಿದರೆ ಮೊದಲು ಹುಡುಗನನ್ನು ಕರೆಯುತ್ತಿದ್ದೆ, ಈಗ ನಾನೇ ಬಗ್ಗಿ ತೆಗೆಯುತ್ತೇನೆ. ಬಿಪಿ ಮಾತ್ರೆ ಮಾತ್ರ ಹಾಗೇ ಇದೆ. ಇದನ್ನು ಓದಿ ನಿಮ್ಮದನ್ನು ಬಿಡಬೇಡಿ.

ಇನ್ನು ಮ್ಯಾಟ್. ನಮ್ಮ ಸೆಕೆಗೆ 1,600 ರೂಪಾಯಿಯ ಮ್ಯಾಟ್ ಮೇಲೆ ಬೆವರು ಬಿದ್ದರೆ, ಕೈಕಾಲು ಊರಿ ಸೊಂಟ ಮೇಲೆತ್ತುವ ಪರ್ವತಾಸನದಲ್ಲಿ ಕೈ ಜಾರಿ ಮೂಗು ನೆಲಕ್ಕೆ. ನೂಲಿನ ಜಮಖಾನ ಬೆವರು ಹೀರುತ್ತದೆ, ಆದರೆ ಕಾವಿ ನೆಲದಲ್ಲಿ ಅದೇ ಜಾರುತ್ತದೆ. ಅಡಿಗೆ ಒಂದು ಬಟ್ಟೆ ಹೊಲಿದೆ, ಈಗ ಅಲ್ಲಾಡುವುದಿಲ್ಲ. ಯಾವ ಬಟ್ಟೆ ಅಂತ ಹೇಳುವುದಿಲ್ಲ. ಬೇಕಾದವರು ಅಂಗಡಿಗೆ ಬನ್ನಿ, 450 ರೂಪಾಯಿ.