ವೆಲ್ಡ್ ಆದ್ಮೇಲೆ ಬಾಗಬೇಕು, ಮುರೀಬಾರದು
ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿ ವೆಲ್ಡ್ ಮಾಡಿ ತೋಟಕ್ಕೊಂದು ಹಾರೆ ಮಾಡಿದ್ದೆ. ಮೊದಲ ಏಟಿಗೇ ಗಾಜಿನ ಹಾಗೆ ಮುರೀತು, ಅದೂ ಬೆಸುಗೆಯಲ್ಲಲ್ಲ, ಅದರ ಪಕ್ಕದಲ್ಲೇ. ಸ್ಪ್ರಿಂಗ್ ಪಟ್ಟಿಯಂಥ ಕಾರ್ಬನ್ ಜಾಸ್ತಿ ಇರುವ ಉಕ್ಕು ಕಾದು ಬೇಗ ತಣ್ಣಗಾದರೆ ಬಾಗುವ ಗುಣ ಕಳೆದುಕೊಂಡು ಪೆಡಸಾಗುತ್ತದೆ. ಅದಕ್ಕೇ ಮೊದಲು ಸುಮಾರು 250–300 ಡಿಗ್ರಿಗೆ ಕಾಯಿಸಿ, ವೆಲ್ಡ್ ಆದ್ಮೇಲೆ ಒಣ ಬೂದಿಯಲ್ಲಿ ಹೂತು ನಿಧಾನವಾಗಿ ಆರಲು ಬಿಡಿ. ನೀರು ಸುರಿಯಲೇಬೇಡಿ.

ಗೇಟಿನ ಮೈಲ್ಡ್ ಸ್ಟೀಲ್‌ಗೆ, ಅಂದರೆ ಕಾರ್ಬನ್ ಕಡಿಮೆ ಇರುವ ಉಕ್ಕಿಗೆ, ಇಷ್ಟೆಲ್ಲ ಬೇಡ. ಕಾಫಿ ಪಲ್ಪರ್‌ನ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಎರಕದ ಕಬ್ಬಿಣವಾದರೆ ನಿಕ್ಕಲ್ ವೆಲ್ಡಿಂಗ್ ರಾಡ್ ಹಿಡಿದು ಒಂದೊಂದೇ ಇಂಚು ಬೆಸೆಯಿರಿ. ಅಲ್ಯೂಮಿನಿಯಂ ಏಣಿ ಉಲ್ಟಾ, ಶಾಖಕ್ಕೆ ಮೆತ್ತಗಾಗುತ್ತದೆ, ಹತ್ತೋ ಏಣಿಗೆ ಬೆಸುಗೆ ಬೇಡವೇ ಬೇಡ.

ನಮ್ಮ ಕೊಡಗಿನ ಮಳೆಗಾಲದಲ್ಲಿ 7018 ಅನ್ನೋ ಕಡಿಮೆ ಹೈಡ್ರೋಜನ್‌ನ ವೆಲ್ಡಿಂಗ್ ರಾಡ್ ಸುಮ್ನೆ ಇಟ್ಟಲ್ಲೇ ತೇವ ಹೀರುತ್ತದೆ, ಆ ತೇವದ ಹೈಡ್ರೋಜನ್ ಉಕ್ಕಿಗೆ ಸೇರಿದರೆ ಮಾರನೇ ದಿನ ಬಿರುಕು ಕಾಣಬಹುದು. ಅಡುಗೆ ಒಲೆ ಮೇಲೆ ಬಿಸಿ ಮಾಡಿದರೆ ಸಾಲದು, ರಾಡ್ ಒಣಗಿಸುವ ಓವನ್ನೇ ಬೇಕು.