ರೈಲು ನಿಂತ ದಿನ ಸಿಕ್ಕ ಥೀಸಿಸ್

ಪಿಎಚ್‌ಡಿಗೆ ಸೇರುವಾಗ ನಾನು ಬರೆದುಕೊಟ್ಟ ಪ್ರಪೋಸಲ್ ಈಗಲೂ ನನ್ನ ಹತ್ತಿರ ಇದೆ. ಅದರಲ್ಲಿದ್ದ ಒಂದು ಸಾಲೂ ಕೊನೆಯ ಥೀಸಿಸ್‌ನಲ್ಲಿ ಇಲ್ಲ. ಕೋಶ ಮತ್ತು ಜೀನ್ ಚಿಕಿತ್ಸೆಯಲ್ಲಿ ಸಂಶೋಧನೆ ಮಾಡ್ತೀನಿ ಅಂತ ಹೊರಟವರು ತುಂಬ ಜನ ನನಗೆ ಮೆಸೇಜ್ ಮಾಡಿ ವಿಷಯ ಹೇಗೆ ಆರಿಸಿಕೊಂಡಿರಿ ಅಂತ ಕೇಳ್ತಾರೆ. ನಾನು ಆರಿಸಿಕೊಳ್ಳಲಿಲ್ಲ, ಮಳೆ ಆರಿಸಿಕೊಟ್ಟಿತು.

ಊರು ಧಾರವಾಡ. ಮುಂಬೈಯಲ್ಲಿ ಇದ್ದಿದ್ದು ಡೊಂಬಿವಲಿಯ ಚಿಕ್ಕಮ್ಮನ ಮನೆಯಲ್ಲಿ. ಲ್ಯಾಬ್ ನವಿ ಮುಂಬೈ ಕಡೆ. ದಿನಾ ಲೋಕಲ್‌ನಲ್ಲಿ ಥಾಣೆಗೆ ಬಂದು, ಅಲ್ಲಿ ಟ್ರಾನ್ಸ್ ಹಾರ್ಬರ್ ಲೈನ್ ಹಿಡಿಯಬೇಕು. ಕೋಶಗಳಿಗೆ ಭಾನುವಾರ ಅನ್ನೋದು ಇಲ್ಲ. ಹಾಗಾಗಿ ನನಗೂ ಇರಲಿಲ್ಲ.

ಮೊದಲ ಪ್ಲಾನ್ ದೊಡ್ಡದಿತ್ತು. ಹೊಸದೊಂದು ಕಾರ್ ಮಾಡಬೇಕು! ಕಾರ್-ಟಿ ಅಂದರೆ ರೋಗಿಯ ರಕ್ತದಿಂದ ಟಿ ಕೋಶ (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣ) ತೆಗೆದು, ಕ್ಯಾನ್ಸರ್ ಕೋಶವನ್ನು ಗುರುತಿಸುವ ಕಾರ್ ಅನ್ನುವ ರಿಸೆಪ್ಟರಿನ (ಕೋಶದ ಮೇಲ್ಮೈಯಲ್ಲಿರುವ ಪ್ರೋಟೀನ್) ಜೀನ್ ಅದರೊಳಗೆ ಸೇರಿಸಿ, ಬೆಳೆಸಿ, ಅದೇ ರೋಗಿಗೆ ವಾಪಸ್ ಕೊಡೋದು. ಜೀನ್ ಹೊತ್ತೊಯ್ಯೋಕೆ ಸಾಮಾನ್ಯವಾಗಿ ಲೆಂಟಿವೈರಸ್ ಬಳಸ್ತಾರೆ. ಎಚ್‌ಐವಿ ಗುಂಪಿನದ್ದೇ ಅದು. ಆದರೆ ಒಮ್ಮೆ ಒಳಗೆ ಹೋದ ಮೇಲೆ ತನ್ನನ್ನು ತಾನು ಮತ್ತೆ ಹುಟ್ಟಿಸಿಕೊಳ್ಳದ ಹಾಗೆ ಅದರ ಜೀನ್‌ಗಳನ್ನು ಕತ್ತರಿಸಿ ಬೇರೆ ಬೇರೆ ಪ್ಲಾಸ್ಮಿಡ್‌ಗಳಲ್ಲಿ, ಅಂದರೆ ಡಿಎನ್‌ಎಯ ಚಿಕ್ಕ ಉಂಗುರಗಳಲ್ಲಿ, ಇಟ್ಟಿರುತ್ತಾರೆ. ಇದನ್ನು ಚಿಕ್ಕಮ್ಮನಿಗೆ ವಿವರಿಸಿದಾಗ ಅವರು ಕೇಳಿದ್ದು ಒಂದೇ. "ಅಷ್ಟೆಲ್ಲಾ ಮಾಡಿದ ಮ್ಯಾಲೆ ಮಂದಿಗೆ ಆರಾಮ ಆಗ್ತದೋ ಇಲ್ಲೋ?"

ಆಗ್ತದೆ ಅಂತ ಹೇಳೋಕೆ ಮುಂಬೈಯಲ್ಲೇ ಉದಾಹರಣೆ ಸಿಕ್ಕಿತು. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ಬೆಳೆಸಿದ ನೆಕ್ಸ್‌ಕಾರ್19ಗೆ 2023ರ ಅಕ್ಟೋಬರ್‌ನಲ್ಲಿ ಅನುಮತಿ ಬಂತು. ಭಾರತದ ಮೊದಲ ಕಾರ್-ಟಿ ಚಿಕಿತ್ಸೆ. ಬೆಲೆ ವಿದೇಶದ್ದರ ಸುಮಾರು ಹತ್ತನೇ ಒಂದು ಭಾಗ. ಲ್ಯಾಬ್‌ನಲ್ಲಿ ಎಲ್ಲರೂ ಪೇಡೆ ತಿಂದೆವು. ನಾನೂ ತಿಂದೆ, ಆದರೆ ಹೊಟ್ಟೆಯಲ್ಲಿ ಒಂಥರಾ ತಳಮಳ. ವರ್ಷಗಟ್ಟಲೆ ದೊಡ್ಡ ತಂಡ ಕೂತು ಮಾಡಿದ್ದನ್ನು ನಾನೊಬ್ಬಳೇ, ಕೋಶ ಬೆಳೆಸೋಕೆ ತಿಂಗಳಿಗೆ ಎರಡು ಬಾಟಲಿ ಸೀರಮ್ ಇಟ್ಟುಕೊಂಡು, ಇನ್ನೊಂದು ರೂಪದಲ್ಲಿ ಮಾಡ್ತೀನಿ ಅಂತ ಹೊರಟಿದ್ದೆ. ಎರಡು ವರ್ಷದಲ್ಲಿ ನನ್ನ ಕಾರ್ ಒಮ್ಮೆಯೂ ಕೋಶದ ಮೇಲ್ಮೈಗೆ ಸರಿಯಾಗಿ ಬಂದಿರಲಿಲ್ಲ.

ಆಮೇಲೆ ಬಂದ ಜುಲೈಯ ಕಥೆ ಇದು.

ಟಿ ಕೋಶಕ್ಕೆ ಸುಮ್ನೆ ವೈರಸ್ ಸುರಿದರೆ ಜಾಸ್ತಿ ಒಳಗೆ ಹೋಗಲ್ಲ. ಮೊದಲು ಕೋಶವನ್ನು ಎಬ್ಬಿಸಬೇಕು. ಸಿಡಿ3, ಸಿಡಿ28 ಅನ್ನುವ ಎರಡು ಪ್ರೋಟೀನ್‌ಗಳನ್ನು ಹಿಡಿಯುವ ಮಣಿಗಳನ್ನು ಹಾಕಿ, ಒಂದೆರಡು ದಿನ ಬಿಟ್ಟು, ಆಮೇಲೆ ವೈರಸ್ ಕೊಡೋದು. ನಮ್ಮ ಲ್ಯಾಬ್‌ನ ಪ್ರೋಟೋಕಾಲ್‌ನಲ್ಲಿ 24 ಗಂಟೆ ಅಂತ ಬರೆದಿತ್ತು. ಯಾಕೆ 24 ಅಂತ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಸೋಮವಾರ ಬೆಳಗ್ಗೆ ಇಬ್ಬರು ದಾನಿಗಳ ಕೋಶಕ್ಕೆ ಮಣಿ ಹಾಕಿ ಮನೆಗೆ ಬಂದೆ. ರಾತ್ರಿಯೆಲ್ಲ ಮಳೆ. ಮಂಗಳವಾರ ಥಾಣೆಯವರೆಗೆ ಹೇಗೋ ಬಂದೆ, ಮುಂದೆ ರೈಲು ಇಲ್ಲ. ಪ್ಲಾಟ್‌ಫಾರ್ಮ್‌ನಲ್ಲಿ ಮೂರು ಗಂಟೆ ನಿಂತೆ. ಲ್ಯಾಬ್‌ನ ಇನ್ನಿಬ್ಬರಿಗೆ ಫೋನ್ ಮಾಡಿದರೆ ಅವರೂ ಎಲ್ಲೆಲ್ಲೋ ಸಿಕ್ಕಿಹಾಕಿಕೊಂಡಿದ್ದರು. ಕೊನೆಗೆ ಒಂದು ಸ್ಲೋ ಲೋಕಲ್ ಹಿಡಿದು ವಾಪಸ್ ಡೊಂಬಿವಲಿ. ನಾನು ಲ್ಯಾಬ್ ಮುಟ್ಟಿದ್ದು ಬುಧವಾರ ಮಧ್ಯಾಹ್ನ. ಅಷ್ಟರಲ್ಲಿ 50 ಗಂಟೆ ದಾಟಿತ್ತು.

ಬಿಸಾಕೋಣ ಅಂದುಕೊಂಡೆ. ಆದರೆ ಮಣಿಗಳ ಬೆಲೆ ನೆನಪಾಯಿತು. ಹಾಳಾಗಿ ಹೋಗಲಿ ಅಂತ ವೈರಸ್ ಕೊಟ್ಟೆ.

ಒಂದು ವಾರ ಕಳೆದು ಕೋಶಗಳನ್ನು ಒಂದೊಂದಾಗಿ ಅಳೆಯುವ ಫ್ಲೋ ಸೈಟೊಮೀಟರ್‌ನಲ್ಲಿ ನೋಡಿದರೆ ಒಬ್ಬ ದಾನಿಯ ಕೋಶಗಳಲ್ಲಿ ಜೀನ್ ಮಾಮೂಲಿನಷ್ಟೇ ಸೇರಿತ್ತು. ಇನ್ನೊಬ್ಬರದ್ದು ಅರ್ಧಕ್ಕೂ ಕಡಿಮೆ. ಒಂದೇ ವೈರಸ್, ಒಂದೇ ಕೈ, ಒಂದೇ ಹೊತ್ತು. ಗೈಡ್‌ಗೆ ತೋರಿಸಿದೆ. ಮೇಡಂ ಗ್ರಾಫ್ ನೋಡ್ತಾ ಸುಮಾರು ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ನಿನ್ನ ಕಾರ್ ಬಿಡು. ಇದನ್ನೇ ಕೇಳು" ಅಂದರು.

ಕೇಳೋಕೆ ಒಳ್ಳೆಯ ಕಾರಣವೂ ಇತ್ತು. ಈ ಲೆಂಟಿವೈರಸ್‌ಗೆ ಹೊರಗಿನ ಕವಚವಾಗಿ ಹೆಚ್ಚಾಗಿ ವಿಎಸ್‌ವಿ-ಜಿ ಅನ್ನುವ ಪ್ರೋಟೀನ್ ಹಾಕ್ತಾರೆ. ಅದು ಕೋಶದೊಳಗೆ ಹೋಗೋ ಬಾಗಿಲು ಎಲ್‌ಡಿಎಲ್ ರಿಸೆಪ್ಟರ್. ಹೌದು, ರಕ್ತ ಪರೀಕ್ಷೆ ರಿಪೋರ್ಟ್‌ನಲ್ಲಿ ಕೊಲೆಸ್ಟ್ರಾಲ್ ಜೊತೆ ಬರುತ್ತಲ್ವಾ, ಆ ಎಲ್‌ಡಿಎಲ್‌ನದ್ದೇ. ಮಲಗಿರುವ ಟಿ ಕೋಶದ ಮೇಲೆ ಈ ಬಾಗಿಲು ತೀರಾ ಕಡಿಮೆ. ಎಬ್ಬಿಸಿದ ಮೇಲೆ ಹೆಚ್ಚಾಗುತ್ತೆ. ಹಾಗಾದರೆ ಯಾವ ದಾನಿಯಲ್ಲಿ ಯಾವ ಹೊತ್ತಿಗೆ ಹೆಚ್ಚು, ಎಷ್ಟು ಹೊತ್ತು ಹಾಗೇ ಇರುತ್ತೆ? ನಿಜವಾದ ಚಿಕಿತ್ಸೆಯಲ್ಲಿ ಪ್ರತಿ ರೋಗಿಗೂ ಒಂದು ಬ್ಯಾಚ್. ಒಂದು ದಿನ ಆಚೀಚೆ ಆದರೆ ಕೆಡುತ್ತೋ ಇಲ್ಲವೋ ಗೊತ್ತಿರಬೇಕು. ಚಿಕ್ಕ ಪ್ರಶ್ನೆ. ನನ್ನೊಬ್ಬಳ ಕೈಯಲ್ಲಿ ಮುಗಿಯುವ ಪ್ರಶ್ನೆ.

ಪ್ರಯೋಗ ಜೋಡಿಸುವಾಗ ಮೊದಲ ಎರಡು ಸಲ ದಡ್ಡತನ ಮಾಡಿದೆ. ಒಂದೇ ದಿನ ಎಲ್ಲಾ ಕೋಶಗಳಿಗೂ ಮಣಿ ಹಾಕಿ, 12, 24, 48, 72 ಗಂಟೆಗೆ ಒಂದೊಂದು ಟ್ಯೂಬ್ ವೈರಸ್ ಕರಗಿಸಿ ಕೊಟ್ಟೆ. ಕೇಳೋಕೆ ಸರಿಯಾಗೇ ಇದೆ. ಆದರೆ ನಾಲ್ಕು ಹೊತ್ತಿನ ಟ್ಯೂಬ್‌ಗಳನ್ನು ನಾನು ಒಂದೇ ಸಲ ತಯಾರಿಸಿದ ವೈರಸ್‌ನಿಂದ ತೆಗೆದಿರಲಿಲ್ಲ. ಕೆಲವನ್ನು ಎರಡು ಸಲ ಕರಗಿಸಿ ಮತ್ತೆ ಮೈನಸ್ 80 ಡಿಗ್ರಿಯಲ್ಲಿ ಇಟ್ಟಿದ್ದೆ. ಪ್ರತಿ ಸಲ ಕರಗಿಸಿದಾಗಲೂ ವೈರಸ್‌ನ ಶಕ್ತಿ ಇಳಿಯುತ್ತೆ. ಹಾಗಾಗಿ ನಾನು ಅಳೆದಿದ್ದು ಕೋಶದ ವ್ಯತ್ಯಾಸವೋ ಟ್ಯೂಬ್‌ನದ್ದೋ ಹೇಳೋಕೆ ಆಗಲಿಲ್ಲ. ನಾಲ್ಕು ತಿಂಗಳು ಹೋಯಿತು.

ಆಮೇಲೆ ಉಲ್ಟಾ ಮಾಡಿದೆ. ವೈರಸ್ ಕೊಡುವ ದಿನ ಒಂದೇ. ಮಣಿ ಹಾಕುವ ದಿನ ಬೇರೆ ಬೇರೆ. ಶುಕ್ರವಾರ ವೈರಸ್ ಅಂದರೆ, ಮಂಗಳವಾರ ಒಂದು ಗುಂಪಿಗೆ ಮಣಿ, ಬುಧವಾರ ಇನ್ನೊಂದಕ್ಕೆ, ಗುರುವಾರ ಮತ್ತೊಂದಕ್ಕೆ. ದಾನಿಯ ಕೋಶಗಳನ್ನು ಮೊದಲೇ ಚಿಕ್ಕ ಚಿಕ್ಕ ವಯಲ್‌ಗಳಲ್ಲಿ ಲಿಕ್ವಿಡ್ ನೈಟ್ರೋಜನ್‌ನಲ್ಲಿ ಇಟ್ಟಿದ್ದರಿಂದ ಆಯಾ ದಿನ ಬೇಕಾದ್ದನ್ನು ಮಾತ್ರ ತೆಗೆದರಾಯಿತು. ಶುಕ್ರವಾರ ಎಲ್ಲಾ ಗುಂಪಿಗೂ ಒಂದೇ ಬ್ಯಾಚಿನ, ಮೊದಲ ಸಲ ಕರಗಿಸಿದ ವೈರಸ್. ಕಾರ್ ಬದಲು ಹಸಿರಾಗಿ ಹೊಳೆಯುವ ಜಿಎಫ್‌ಪಿ ಜೀನ್ ಹಾಕಿದೆ. ಅಗ್ಗ, ಅಳೆಯೋಕೂ ಸುಲಭ. ಒಂದು ಎಚ್ಚರಿಕೆ: ಎರಡನೇ ದಿನವೇ ಅಳೆದು ಕುಣಿಯಬೇಡಿ. ಜೀನ್ ನಿಜವಾಗಿ ಸೇರದಿದ್ದರೂ, ವೈರಸ್ ಜೊತೆ ಬಂದ ಪ್ರೋಟೀನ್‌ನಿಂದಲೇ ಕೋಶ ಸ್ವಲ್ಪ ದಿನ ಹಸಿರಾಗಿ ಕಾಣುತ್ತೆ. ನಾನು ಹಾಗೆ ಒಂದು ಸಲ ಕುಣಿದಿದ್ದೆ.

ಇನ್ನು ಲೆಕ್ಕದ ವಿಷಯ. ಇದನ್ನು ಜಾಸ್ತಿ ಬರೀತೀನಿ, ಯಾಕೆಂದರೆ ಹೆಚ್ಚು ಜನ ಬೀಳೋದು ಇಲ್ಲೇ.

ಮೂರು ದಾನಿಗಳು, ಪ್ರತಿಯೊಬ್ಬರದ್ದು ಮೂರು ಬಾವಿ. ಬಾವಿ ಅಂದರೆ ಪ್ಲೇಟ್‌ನ ಗುಳಿ, ನಾನು ತಮಾಷೆಗೆ ಹಾಗೆ ಕರೀತಿದ್ದೆ. ಡ್ರಾಫ್ಟ್‌ನಲ್ಲಿ ಎನ್ (ಎಷ್ಟು ಸ್ವತಂತ್ರ ಮಾದರಿ ಅನ್ನೋ ಸಂಖ್ಯೆ) ಅಂದರೆ 9 ಅಂತ ಬರೆದೆ. ಪಿ ಬೆಲೆ (ವ್ಯತ್ಯಾಸವೇ ಇಲ್ಲದಿದ್ದರೂ ಇಂಥ ಫಲಿತಾಂಶ ಬರುವ ಸಂಭವ) ಎಷ್ಟು ಚಿಕ್ಕದಾಗಿ, ಚಂದ ಬಂತು ಅಂತೀರಿ! ಮೇಡಂ 9ರ ಮೇಲೆ ಕೆಂಪು ಗೆರೆ ಎಳೆದು ಪಕ್ಕದಲ್ಲಿ 3 ಅಂತ ಬರೆದರು. ಒಬ್ಬರದ್ದೇ ರಕ್ತವನ್ನು ಮೂರು ಕಡೆ ಹಾಕಿದರೆ ಮೂರು ಮನುಷ್ಯರು ಆಗಲ್ಲ. ಆ ಮೂರು ನನ್ನ ಪಿಪೆಟ್ ಹಿಡಿತ ಎಷ್ಟು ಸರಿ ಇದೆ ಅಂತ ಮಾತ್ರ ಹೇಳುತ್ತವೆ. ಸರಿಯಾಗಿ ಲೆಕ್ಕ ಹಾಕಿದ ತಕ್ಷಣ ಚಂದದ ಪಿ ಬೆಲೆ ಮಾಯ.

ದಾನಿಗಳನ್ನು ಹೆಚ್ಚಿಸೋಣ ಅಂದರೆ ಎಥಿಕ್ಸ್ ಸಮಿತಿಯ ಅನುಮತಿ ಇದ್ದಿದ್ದು ನಾಲ್ಕೇ ಜನಕ್ಕೆ. ತಿದ್ದುಪಡಿಗೆ ಅರ್ಜಿ, ಸಭೆ ಮುಂದಕ್ಕೆ, ಒಂದು ಸಹಿ ಬಾಕಿ, ಮತ್ತೆ ಸಭೆ. ಆರು ತಿಂಗಳು. ಮೊದಲೇ ಹತ್ತು ಜನ ಅಂತ ಬರೆದು ಅನುಮತಿ ತಗೊಂಡಿದ್ದರೆ ಈ ಪ್ಯಾರಾ ಇರ್ತಿರಲಿಲ್ಲ. ಕೊನೆಗೆ ಆರು ದಾನಿಗಳಾದರು. ಪ್ರತಿಯೊಬ್ಬರನ್ನೂ ಅವರ ಜೊತೆಗೇ ಹೋಲಿಸುವ ಪೇರ್ಡ್ ಟೆಸ್ಟ್ ಮಾಡಿದೆ. 24 ಮತ್ತು 48 ಗಂಟೆಯಲ್ಲಿ ಹೆಚ್ಚಿನವರದ್ದು ಚೆನ್ನಾಗಿತ್ತು. 72ಕ್ಕೆ ಬರುವಾಗ ಇಳಿಯಿತು. ಯಾರಲ್ಲಿ ಎಷ್ಟು ಇಳಿಯಿತು ಅನ್ನೋದು ರಿಸೆಪ್ಟರ್ ಮಟ್ಟದ ಹಿಂದೆ ಹೆಚ್ಚುಕಡಿಮೆ ಹೋಗ್ತಿತ್ತು. ಹೆಚ್ಚುಕಡಿಮೆ ಅಷ್ಟೇ. ಥೀಸಿಸ್‌ನಲ್ಲೂ ಹಾಗೇ ಬರೆದೆ.

ಬರವಣಿಗೆ ಶುರು ಮಾಡಿದ್ದು ಪೀಠಿಕೆಯಿಂದ ಅಲ್ಲ. ಮೊದಲು ಚಿತ್ರಗಳನ್ನೆಲ್ಲ ಪ್ರಿಂಟ್ ತೆಗೆದು ಚಿಕ್ಕಮ್ಮನ ಅಡುಗೆಮನೆಯ ನೆಲದ ಮೇಲೆ ಹರಡಿದೆ. ಯಾವುದರ ಮುಂದೆ ಯಾವುದು ಅಂತ ಜೋಡಿಸಿದೆ. "ರೊಟ್ಟಿ ಬಡೀಬೇಕು, ಎತ್ತವ್ವಾ" ಅನ್ನೋವರೆಗೂ ಅಲ್ಲೇ ಇದ್ದವು. ಚಿತ್ರದ ಕೆಳಗಿನ ಟಿಪ್ಪಣಿ ಬರೆದೆ, ಆಮೇಲೆ ವಿಧಾನ, ಆಮೇಲೆ ಫಲಿತಾಂಶ. ಪೀಠಿಕೆ ಕೊನೆಗೆ. ಬೇರೆ ಬರಹಗಳ ಜೊತೆ ಎಷ್ಟು ಹೋಲುತ್ತೆ ಅಂತ ನೋಡುವ ಸಿಮಿಲಾರಿಟಿ ಪರೀಕ್ಷೆಯಲ್ಲಿ ಮೊದಲ ಸಲ 23 ಶೇಕಡಾ ಬಂತು. ಯುಜಿಸಿಯ 2018ರ ನಿಯಮದ ಪ್ರಕಾರ 10ರವರೆಗೆ ತೊಂದರೆ ಇಲ್ಲ. ನೋಡಿದರೆ ವಿಧಾನದ ಅಧ್ಯಾಯವನ್ನು ಲ್ಯಾಬ್‌ನ ಹಳೇ ಪ್ರೋಟೋಕಾಲ್ ಫೈಲ್‌ನಿಂದ ಹಾಗೇ ಎತ್ತಿದ್ದೆ. ನನ್ನ ಸೀನಿಯರ್ ಕೂಡ ಅದೇ ಫೈಲ್‌ನಿಂದ ಎತ್ತಿದ್ದರು, ಅವರ ಥೀಸಿಸ್ ಆಗಲೇ ಶೋಧಗಂಗಾದಲ್ಲಿ (ಥೀಸಿಸ್‌ಗಳ ಆನ್‌ಲೈನ್ ಭಂಡಾರ) ಇತ್ತು. ನಾನು ನಿಜವಾಗಿ ಏನು ಮಾಡಿದೆ ಅಂತ ಲ್ಯಾಬ್ ನೋಟ್‌ಬುಕ್ ನೋಡಿ ಮತ್ತೆ ಬರೆದೆ. ಆಗ ಗೊತ್ತಾಯಿತು, ಫೈಲ್‌ನಲ್ಲಿದ್ದ ಐಎಲ್-2 (ಟಿ ಕೋಶ ಬೆಳೆಯೋಕೆ ಹಾಕುವ ಪ್ರೋಟೀನ್) ಪ್ರಮಾಣ ನಾನು ಒಂದು ಸಲವೂ ಬಳಸಿದ್ದಲ್ಲ.

ವೈವಾದಲ್ಲಿ ಹೊರಗಿನ ಪರೀಕ್ಷಕರು ಒಂದು ಗಂಟೆ ಸುಲಭದ ಪ್ರಶ್ನೆ ಕೇಳಿದರು. ಬೇರೆ ಬೇರೆ ದಿನ ಕರಗಿಸಿದ ವಯಲ್‌ಗಳಲ್ಲಿ ಎಷ್ಟು ಕೋಶ ಬದುಕಿದ್ದವು ಅಂತ ಕೇಳಿದರು. ಪ್ರತಿ ಸಲವೂ ಎಣಿಸಿ ಬರೆದಿಟ್ಟಿದ್ದೆ, ತೋರಿಸಿದೆ. ಆಮೇಲೆ ನಕ್ಕು, "ಪೀಠಿಕೆಯಲ್ಲಿ ಮಳೆ ಬಂದು ಪ್ರಯೋಗ ತಡ ಆಯ್ತು ಅಂತ ಬರೆದಿದ್ದೀರಿ. ಆ ದಿನದ ಡೇಟಾ ಎಲ್ಲಿ?" ಅಂದರು.

ಹಾಕಿರಲಿಲ್ಲ. ಇಬ್ಬರೇ ದಾನಿಗಳು, ಹೋಲಿಸಿ ನೋಡೋಕೆ ಕಂಟ್ರೋಲ್ ಇಲ್ಲ, ನಾಚಿಕೆಯಾಗಿ ಬಿಟ್ಟಿದ್ದೆ. ಅನುಬಂಧದಲ್ಲಿ ಹಾಕಿ, ಕಂಟ್ರೋಲ್ ಇಲ್ಲ ಅಂತಲೂ ಬರೆಯಿರಿ ಅಂದರು. ಅದೊಂದೇ ತಿದ್ದುಪಡಿ. ಮೂರು ವಾರ ತಗೊಂಡೆ, ಅದರಲ್ಲಿ ಎರಡು ವಾರ ಹಳೇ ಫ್ಲೋ ಫೈಲ್ ಯಾವ ಹಾರ್ಡ್ ಡಿಸ್ಕ್‌ನಲ್ಲಿದೆ ಅಂತ ಹುಡುಕೋಕೇ ಹೋಯಿತು.

ಐದು ಪ್ರತಿ ಬೈಂಡ್ ಮಾಡಿಸಿದೆ. ಒಂದು ಡೊಂಬಿವಲಿಯ ಮನೆಯ ಶೋಕೇಸ್‌ನಲ್ಲಿದೆ, ಸ್ಟೀಲ್ ಲೋಟಗಳ ಪಕ್ಕ. ಚಿಕ್ಕಮ್ಮ ಅದರ ಮೇಲೆ ಟಿವಿ ರಿಮೋಟ್ ಇಡ್ತಾರೆ. ಮನೆಗೆ ಬಂದವರು ಏನದು ಅಂತ ಕೇಳಿದರೆ, "ನಮ್ಮ ಹುಡುಗಿ ರೈಲು ತಪ್ಪಿಸಿಕೊಂಡ ಕಥಿ" ಅಂತಾರೆ.