ಬೆನ್ನುಹುರಿ ಪೆಟ್ಟಿನ ಬಳಿಕ ಕೀಲಿನ ಸುತ್ತ ಎಲುಬು ಬೆಳೆದರೆ: ಮನೆಯವರು ಗುರುತಿಸುವುದು ಹೇಗೆ?

ಗಂಗಾವತಿ, ಸಿಂಧನೂರಿನ ಕಡೆ ಭತ್ತದ ಚೀಲ ಹೇರುವಾಗ ಲಾರಿಯ ಮೇಲಿಂದ ಬಿದ್ದೋ, ರಸ್ತೆ ಅಪಘಾತದಲ್ಲೋ ಬೆನ್ನುಹುರಿಗೆ ಪೆಟ್ಟಾಗಿ ಕಾಲುಗಳ ಸ್ವಾಧೀನ ಕಳೆದುಕೊಂಡವರಲ್ಲಿ, ಪೆಟ್ಟಾದ ಮಟ್ಟಕ್ಕಿಂತ ಕೆಳಗಿನ ಕೀಲುಗಳ ಸುತ್ತ, ಮಾಂಸಖಂಡಗಳ ನಡುವೆ ಹೊಸ ಎಲುಬು ಬೆಳೆಯುವುದುಂಟು. ಹೆಚ್ಚಾಗಿ ಸೊಂಟದ ಕೀಲಿನಲ್ಲಿ, ಅನಂತರ ಮೊಣಕಾಲಿನಲ್ಲಿ ಇದು ಕಾಣಿಸುತ್ತದೆ. ಮೊದಲ ಮಹಾಯುದ್ಧದ ಗಾಯಾಳುಗಳನ್ನು ನೋಡಿ ಫ್ರಾನ್ಸಿನ ವೈದ್ಯರು 1918ರಲ್ಲೇ ಇದನ್ನು ವರ್ಣಿಸಿದ್ದರು.

ಪೆಟ್ಟಾದ 3ನೆಯ ವಾರದಿಂದ ಸುಮಾರು 6 ತಿಂಗಳವರೆಗೆ ದಿನವೂ ಮೈ ಒರೆಸುವಾಗ ಎರಡೂ ತೊಡೆಗಳನ್ನು ಕೈಯಿಂದ ಮುಟ್ಟಿ, ಬಾವು ಅಥವಾ ಬಿಸಿ ಇದೆಯೇ ಎಂದು ನೋಡಬೇಕು. ರಾಯಚೂರಿನ ಬೇಸಿಗೆಯಲ್ಲಿ ಮೈಯೆಲ್ಲ ಕಾದಿರುವುದರಿಂದ, ಬಿಸಿಯಾಗಿದೆಯೇ ಎನ್ನುವುದಕ್ಕಿಂತ ಒಂದು ಕಾಲು ಇನ್ನೊಂದಕ್ಕಿಂತ ಬಿಸಿಯಾಗಿದೆಯೇ ಎಂದು ಗಮನಿಸುವುದೇ ಸರಿ. ವಾರಕ್ಕೊಮ್ಮೆ ಟೇಪು ಹಿಡಿದು, ಮೊಣಚಿಪ್ಪಿನಿಂದ 10 ಸೆಂ.ಮೀ. ಮೇಲೆ ಎರಡೂ ತೊಡೆಗಳ ಸುತ್ತಳತೆ ಬರೆದಿಡಿ. ನಿನ್ನೆಯವರೆಗೆ ಎದೆಯತ್ತ ಸಲೀಸಾಗಿ ಮಡಚುತ್ತಿದ್ದ ಕಾಲು ಇಂದು ನಡುವೆಯೇ ತಡೆದರೆ, ಸೆಳೆತ ಹೆಚ್ಚಾದರೆ, ಸಣ್ಣ ಜ್ವರ ಬಂದರೆ ಅದೂ ಸೂಚನೆಯೇ. ಸ್ಪರ್ಶಜ್ಞಾನ ಇಲ್ಲದ ರೋಗಿ ನೋವೆಂದು ಹೇಳಲಾರರು.

ಬಾವು ಕಂಡ ಕೂಡಲೇ ಎಣ್ಣೆ ಹಚ್ಚಿ ತಿಕ್ಕುವುದು ನಮ್ಮಲ್ಲಿನ ರೂಢಿ. ಇಲ್ಲಿ ಅದು ಅಪಾಯಕಾರಿ. ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದಾಗಲೂ ಕಾಲು ಹೀಗೆಯೇ ಬಾತು ಬಿಸಿಯಾಗುತ್ತದೆ, ತಿಕ್ಕಿದರೆ ಆ ಹೆಪ್ಪು ಕಳಚಿ ಶ್ವಾಸಕೋಶ ಸೇರಬಹುದು. ಆದ್ದರಿಂದ ಅಂದೇ ಬಳ್ಳಾರಿ, ರಾಯಚೂರು ಅಥವಾ ಕೊಪ್ಪಳದ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಕರೆದೊಯ್ದು, ರಕ್ತನಾಳದಲ್ಲಿ ರಕ್ತದ ಹರಿವನ್ನು ನೋಡುವ ಡಾಪ್ಲರ್ ಸ್ಕ್ಯಾನ್ ಬೇಕೇ ಎಂದು ಕೇಳಿ. ಆರಂಭದ ವಾರಗಳಲ್ಲಿ ಎಕ್ಸ್‌ರೇಯಲ್ಲಿ ಏನೂ ಕಾಣದಿರಬಹುದು, ಅಷ್ಟಕ್ಕೇ ನಿಶ್ಚಿಂತರಾಗುವಂತಿಲ್ಲ. ಬೋನ್ ಸ್ಕ್ಯಾನ್ ಇದನ್ನು ಮೊದಲೇ ತೋರಿಸುತ್ತದೆ, ರಕ್ತದಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಂಬ, ಎಲುಬು ಬೆಳೆಯುವಾಗ ಹೆಚ್ಚುವ ಕಿಣ್ವ ಏರಿರುವುದೂ ಸುಳಿವು ಕೊಡುತ್ತದೆ.

ಬೆಳವಣಿಗೆ ತಗ್ಗಿಸಲು ಇಂಡೋಮೆಥಾಸಿನ್‌ನಂತಹ, ಉರಿಯೂತ ತಗ್ಗಿಸುವ ಔಷಧಿಯನ್ನು ವೈದ್ಯರು ಕೊಡಬಹುದು. ಹೊಟ್ಟೆಗೂ ಮೂತ್ರಪಿಂಡಕ್ಕೂ ತೊಂದರೆ ಮಾಡಬಲ್ಲ ಇದನ್ನು ಅಂಗಡಿಯಿಂದ ತಾವೇ ತಂದು ನುಂಗಿಸಬಾರದು. ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಹೇಳಿದಂತೆ ಮುಂದುವರಿಸಿ, ಆದರೆ ಕೀಲು ತಡೆದಲ್ಲಿ ಜೋರಾಗಿ ಒತ್ತಬೇಡಿ.

ಸೊಂಟ ಪೂರ್ತಿ ಬಿಗಿದು ಕುರ್ಚಿಯಲ್ಲಿ ಕೂರಲಾಗದಿದ್ದರೆ ಶಸ್ತ್ರಚಿಕಿತ್ಸೆಯುಂಟು. ಎಲುಬು ಬಲಿಯಲೆಂದು ಸಾಮಾನ್ಯವಾಗಿ 12ರಿಂದ 18 ತಿಂಗಳು ಕಾಯುತ್ತಿದ್ದರು. ಈಗ ಕೆಲವರಿಗೆ ಬೇಗನೆ ಮಾಡುವುದೂ ಇದೆ. ತೆಗೆದ ಎಲುಬು ಮತ್ತೆ ಬೆಳೆಯಬಹುದು. ಶಸ್ತ್ರಚಿಕಿತ್ಸೆಯಾಗುವವರೆಗೆ, ಓರೆಯಾಗಿ ಕೂತು ಒಂದೇ ಕುಂಡಿಯ ಮೇಲೆ ಭಾರ ಬಿದ್ದು ಹುಣ್ಣಾಗದಂತೆ ದಿನಕ್ಕೆರಡು ಬಾರಿ ಚರ್ಮ ಪರೀಕ್ಷಿಸಬೇಕು. ಪ್ರತಿ ಭೇಟಿಗೂ ಹಳೆಯ ಎಕ್ಸ್‌ರೇಗಳನ್ನೂ ತೊಡೆಯ ಅಳತೆ ಬರೆದ ಪುಸ್ತಕವನ್ನೂ ಒಯ್ಯಿರಿ; ಬೆಳವಣಿಗೆ ನಿಂತಿದೆಯೇ ಎಂಬುದನ್ನು ಅಂದಾಜಿಸಲು ವೈದ್ಯರಿಗೆ ಅವುಗಳ ಹೋಲಿಕೆ ನೆರವಾಗುತ್ತದೆ.